ಮಣಿಕಟ್ಟು ಮುಟ್ಟುವ ಹೆಬ್ಬೆರಳು

ನಮ್ಮ ತವರುಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ, ಕಿವಿಯಲ್ಲಿ ಹೆಸರು ಹೇಳುವುದಕ್ಕೂ ಮೊದಲು ಒಂದು ಪರೀಕ್ಷೆ ಇರುತ್ತದೆ. ಮನೆಯ ಹಿರಿಯ ಹೆಂಗಸು ಕೂಸಿನ ಕೈ ಹಿಡಿದು, ಅದರ ಹೆಬ್ಬೆರಳನ್ನು ಮೆಲ್ಲಗೆ ಬಗ್ಗಿಸಿ ಮಣಿಕಟ್ಟಿನ ಒಳಮಗ್ಗುಲಿಗೆ ತಾಗಿಸುತ್ತಾಳೆ. ತಾಗಿತೋ, "ನಮ್ಮ ಮನೀ ಕೂಸು!" ಎಂದು ಕೂಗುತ್ತಾಳೆ. ನೆರೆದ ಹೆಂಗಸರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಅಜ್ಜಿಯ ಹೆಬ್ಬೆರಳು ಹಾಗೆ ಬಗ್ಗುತ್ತಿತ್ತು, ಅವ್ವನದು ಈಗಲೂ ಬಗ್ಗುತ್ತದೆ, ನನ್ನದಂತೂ ಕೇಳಲೇಬೇಡಿ. ಬೇರೆಯವರ ಮನೆತನಕ್ಕೆ ಮೂಗೋ ಗದ್ದವೋ ಗುರುತಾದರೆ ನಮ್ಮದಕ್ಕೆ ಹೆಬ್ಬೆರಳು.

ಧಾರವಾಡದಲ್ಲಿ ನನ್ನ ಮಗಳ ತೊಟ್ಟಿಲ ದಿನ ಅವ್ವ ಈ ಪರೀಕ್ಷೆ ಮುಗಿಸಿ ಕೂಗಿದಾಗ ನನ್ನ ಗಂಡ ನಡುವೆ ಬಾಯಿ ಹಾಕಿದರು. ಅವರು ರೈಲ್ವೆಯ ಸಿಗ್ನಲ್ ವಿಭಾಗದ ಇಂಜಿನಿಯರು. ಎರಡು ಸಲ ನೋಡದೆ ಯಾವುದನ್ನೂ ನಂಬುವ ಪೈಕಿ ಅಲ್ಲ.

"ಅಲ್ರಿ ಅತ್ತೀ, ಹುಟ್ಟಿದ ಕೂಸಿನ ಮೈ ಮೆತ್ತಗ ಇರ್ತೈತಿ. ಯಾರ ಮನೀ ಕೂಸಾದ್ರೂ ಬೆರಳು ಹಿಂಗ ಬಗ್ಗತೈತಲ್ರಿ?"

"ಅಳಿಯಾರ, ಮೊದಲ ನಿಮ್ಮ ಬೆರಳು ನೋಡ್ಕೋರಿ. ಒಣಾ ಕಟಗಿ ಇದ್ದಂಗ ಐತಿ," ಎಂದಳು ಅವ್ವ. ಮನೆ ತುಂಬ ನಗು. ಪಾಪ, ಅವರು ಹೇಳಿದ್ದು ಸರಿಯಾಗಿಯೇ ಇತ್ತು. ತಲೆಮಾರುಗಳಿಂದ ನಾವು ಯಾವ ಕೂಸೂ ಫೇಲಾಗದ ಪರೀಕ್ಷೆ ನಡೆಸಿಕೊಂಡು ಬಂದಿದ್ದೆವು. ಆದರೆ ನಮ್ಮ ಮಕ್ಕಳು ದೊಡ್ಡವರಾದ ಮೇಲೂ ಬಗ್ಗಿಸುತ್ತಲೇ ಇದ್ದರಲ್ಲ, ಅದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

ನಮ್ಮ ಮನೆಯ ಗುರುತು ಬೆರಳಿಗೇ ಮುಗಿಯುತ್ತಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆಯುವುದು ನಮ್ಮ ಮನೆಯದು. ನಡೆಯುವ ದಾರಿಯಲ್ಲಿ ಏನೂ ಇಲ್ಲದೆ ಎಡವುವುದು ನಮ್ಮ ಮನೆಯದು. ರವಿಕೆಯ ಒಳಗಿನ ಹೊಲಿಗೆ ಚುಚ್ಚುತ್ತದೆ ಎಂದು ಮದುವೆ ಮಂಟಪದಲ್ಲೇ ಹಿಂಬಾಗಿಲಿಗೆ ಹೋಗಿ ತಿರುಗುಮುರುಗಾಗಿ ತೊಟ್ಟು ಬರುವ ಚಿಕ್ಕಮ್ಮ ಕೂಡ ನಮ್ಮ ಮನೆಯವಳೇ. ನಾನು ಅಹಮದಾಬಾದಿನಿಂದ ವಡೋದರಾಕ್ಕೆ ಹೊರಟು, ಪಕ್ಕದವಳ ಹತ್ತಿರ ಮಾತಿನ ಭರದಲ್ಲಿ ಸೂರತ್ತಿನಲ್ಲಿ ಇಳಿದಿದ್ದೇನೆ. ಒಂದಲ್ಲ, ಎರಡು ಸಲ. ಎರಡನೆಯ ಸಲ ಗಂಡನಿಗೆ ಫೋನ್ ಮಾಡಿದಾಗ ಅವರು ಕೋಪ ಮಾಡಿಕೊಳ್ಳಲಿಲ್ಲ. "ಪ್ಲಾಟ್‌ಫಾರ್ಮ್ ನಂಬರ್ ಹೇಳು, ಅಲ್ಲೇ ನಿಂದ್ರು. ವಾಪಸ್ ಗಾಡಿ ಎಲ್ಲಿ ಬರ್ತೈತಿ ನಾ ಹೇಳ್ತೇನಿ," ಎಂದರು. ರೈಲ್ವೆಯವನನ್ನು ಮದುವೆಯಾಗಿದ್ದಕ್ಕೆ ಅಂದು ನಾನು ದೇವರಿಗೆ ಕೈ ಮುಗಿದೆ.

ವಡೋದರಾಕ್ಕೆ ವರ್ಗವಾಗಿ ಬಂದು ಐದು ವರ್ಷವಾಯಿತು. ನಾನು ಇಲ್ಲಿನ ಒಂದು ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ, ಅವ್ವ ನಮ್ಮ ಜೊತೆಗೇ ಇದ್ದಾಳೆ. ಮಗಳಿಗೆ ಹತ್ತು ವರ್ಷ, ಐದನೇ ಕ್ಲಾಸು. ಕನ್ನಡವನ್ನು ಮನೆಗೆ ಬಂದ ನೆಂಟರ ಹಾಗೆ ಮರ್ಯಾದೆಯಿಂದ ನೋಡಿಕೊಳ್ಳುತ್ತಾಳೆ, ಹೆಚ್ಚು ಮುಟ್ಟುವುದಿಲ್ಲ. ಸಿಟ್ಟು ಬಂದರೆ ಹಿಂದಿ, ಆಟಕ್ಕೆ ಗುಜರಾತಿ, ಸುಳ್ಳು ಹೇಳಲು ಇಂಗ್ಲಿಷು. ತುದಿಗಾಲಲ್ಲಿ ನಡೆಯುತ್ತಾಳೆ. ನೆಲದ ಮೇಲೆ ಕೂತರೆ ಮೊಣಕಾಲು ಮುಂದೆ, ಪಾದಗಳೆರಡೂ ಆಚೀಚೆ ಹಿಂದಕ್ಕೆ. ನೆತ್ತಿಯಲ್ಲಿ ಎರಡು ಸುಳಿ, ಅದು ಚಂಚಲ ಬುದ್ಧಿಯ ಗುರುತು ಎನ್ನುತ್ತಾಳೆ ಅವ್ವ. ಬೆರಳಂತೂ ಸರಿಯೇ ಸರಿ. ಅವಳನ್ನು ನೋಡಿದಾಗಲೆಲ್ಲ ನನಗೆ ನನ್ನನ್ನೇ ಇಸ್ತ್ರಿ ಮಾಡಿ ಸಣ್ಣದಾಗಿ ಮಡಚಿಟ್ಟ ಹಾಗೆ ಕಂಡು ಖುಷಿಯಾಗುತ್ತಿತ್ತು.

ಈ ವರ್ಷ ಜನವರಿಯ ಮೊದಲ ವಾರ ಶಾಲೆಯಿಂದ ಕರೆ ಬಂತು. ಕ್ಲಾಸ್ ಟೀಚರ್ ಮೂರು ನೋಟುಬುಕ್ಕುಗಳನ್ನು ಮೇಜಿನ ಮೇಲೆ ತೆರೆದಿಟ್ಟರು. ಪ್ರತಿ ಪುಟದಲ್ಲೂ ಮೊದಲ ನಾಲ್ಕು ಸಾಲು ಮುತ್ತಿನಂಥ ಅಕ್ಷರ. ಐದನೆಯದು ವಾಲುತ್ತದೆ, ಏಳನೆಯದು ಮಲಗುತ್ತದೆ, ಆಮೇಲೆ ಖಾಲಿ. ಪ್ರಶ್ನೆ ಕೇಳಿದರೆ ಬಾಯಲ್ಲಿ ಉತ್ತರ ಹೇಳುತ್ತಾಳೆ, ಆದರೆ ಪರೀಕ್ಷೆಯಲ್ಲಿ ಅರ್ಧ ಪೇಪರ್ ಬಿಟ್ಟು ಬರುತ್ತಾಳೆ ಎಂದರು ಟೀಚರ್. ಹೀಗೇ ಆದರೆ ಐದನೇ ಕ್ಲಾಸಿನಲ್ಲೇ ಇನ್ನೊಂದು ವರ್ಷ ಕೂರಿಸಬೇಕಾಗುತ್ತದೆ. ಮಕ್ಕಳ ಬೆಳವಣಿಗೆ ನೋಡುವ ಡಾಕ್ಟರಿಗೆ ತೋರಿಸಿ ವರದಿ ತಂದರೆ ಹೆಚ್ಚಿನ ಸಮಯ ಕೊಡಬಹುದು, ಬೇಕಾದ ಅನುಕೂಲ ಮಾಡಬಹುದು. ವರದಿ ಇಲ್ಲದೆ ತಮ್ಮ ಕೈಯಲ್ಲಿ ಏನೂ ಇಲ್ಲ.

ನನಗೆ ಉರಿದುಹೋಯಿತು. "ನನ್ನ ಮಗಳಿಗೆ ಏನೂ ಆಗಿಲ್ಲ," ಎಂದೆ ಹಿಂದಿಯಲ್ಲಿ. "ನಾನೂ ಹೀಗೇ ಇದ್ದೆ. ನಮ್ಮ ಮನೆಯಲ್ಲಿ ಎಲ್ಲರೂ ಹೀಗೇ." ಟೀಚರ್ ನೋಟುಬುಕ್ಕು ಮುಚ್ಚುತ್ತ, "ಅದಕ್ಕೇ ಹೇಳ್ತಾ ಇದೀನಿ," ಎಂದರು. ಆ ಮಾತಿನ ಅರ್ಥ ಆಗ ತಲೆಗೆ ಹೋಗಲಿಲ್ಲ. ಚೀಲ ಎತ್ತಿಕೊಂಡು ದಡದಡ ಹೊರಗೆ ಬಂದೆ. ಛತ್ರಿ ಅಲ್ಲೇ ಉಳಿಯಿತು. ಜನವರಿಯಲ್ಲಿ ಛತ್ರಿ ಯಾಕೆ ಒಯ್ದಿದ್ದೆ ಎಂದು ಮಾತ್ರ ಕೇಳಬೇಡಿ.

ಮನೆಯಲ್ಲಿ ಅವ್ವ ನನ್ನ ಪರ ನಿಂತಳು. "ಡಾಕ್ಟರ್ ಕಡೆ ಒಯ್ದು ಏನ್ ಮಾಡ್ತಿ? ನಮ್ಮ ಮನೀ ಹುಡುಗೂರೆಲ್ಲಾ ಹಿಂಗ. ನೀ ಈಗ ನೌಕರಿ ಮಾಡಾಕತ್ತಿಲ್ಲೇನು?"

ಗಂಡ ಚಪಾತಿ ಮುರಿಯುತ್ತ ಮೆಲ್ಲಗೆ ಹೇಳಿದರು: "ಮುಂದಿನ ತಿಂಗಳು ಅಲಕಾಪುರಿ ಒಳಗ ಒಬ್ಬ ಡಾಕ್ಟರಮ್ಮನ ಅಪಾಯಿಂಟ್‌ಮೆಂಟ್ ತಗೊಂಡೇನಿ. ನೀ ಬರೂದಾದ್ರ ಬಾ. ಇಲ್ಲಂದ್ರ ನಾನೂ ಆಕಿ ಹೋಗಿ ಬರ್ತೇವಿ."

ಅಪಾಯಿಂಟ್‌ಮೆಂಟಿನ ಮೊದಲು ಡಾಕ್ಟರನ್ನು ಸೋಲಿಸಲೇಬೇಕು ಎಂದು ಹಟ ತೊಟ್ಟು ಫೋನಿನಲ್ಲಿ ಓದಲು ಕೂತೆ. ಓದುತ್ತ ಓದುತ್ತ ಒಂದು ಕಡೆ ಕಣ್ಣು ನೆಟ್ಟುಹೋಯಿತು. ಗಮನ ನಿಲ್ಲದ ಎಡಿಎಚ್‌ಡಿ ಇರುವವರಲ್ಲಿ, ಆಟಿಸಂ ಇರುವವರಲ್ಲಿ, ಕೀಲುಗಳು ಹೀಗೆ ಸಡಿಲವಾಗಿರುವುದು ಉಳಿದವರಿಗಿಂತ ಹೆಚ್ಚಾಗಿ ಕಾಣುತ್ತದಂತೆ. ಹೆಬ್ಬೆರಳು ಮಣಿಕಟ್ಟಿಗೆ ತಾಗುವುದು ಆ ಸಡಿಲತನದ ಒಂದು ಗುರುತಂತೆ. ತುದಿಗಾಲ ನಡಿಗೆಯೂ ಕೆಲವು ಮಕ್ಕಳಲ್ಲಿ ಒಂದು ಸುಳಿವಂತೆ. ನಾನು ಫೋನು ಮಂಚದ ಮೇಲೆ ಎಸೆದು ಎದ್ದು ನಿಂತೆ. ಹೆದರಿಕೆ ಆಗಬೇಕಿತ್ತು. ಆಗಿದ್ದು ಹುಚ್ಚು ಖುಷಿ! ನಮ್ಮ ಮನೆಯ ಬೆರಳಿನ ಮೇಲೆ ಯಾರೋ ಕೂತು ಸಂಶೋಧನೆ ಮಾಡಿದ್ದಾರಲ್ಲ ಎಂದು ಕುಣಿದಾಡುವ ಹಾಗಾಯಿತು.

ಮರುದಿನದಿಂದ ನನಗೆ ಲೋಕವೆಲ್ಲ ಹೆಬ್ಬೆರಳು. ಕಚೇರಿಯಲ್ಲಿ ಊಟದ ಹೊತ್ತಿಗೆ ಡಬ್ಬಿ ತೆರೆದವರನ್ನೆಲ್ಲ ಹಿಡಿದೆ. ಎಲ್ಲರ ಮೆಂತ್ಯದ ಥೇಪ್ಲಾ ಆರಿತು, ಕೆಲವರ ಬೆರಳು ಬಗ್ಗಿತು. ವಾರಕ್ಕೆರಡು ಸಲ ಸ್ಕೂಟರಿನ ಕೀಲಿ ಕಳೆಯುವ ಸಹೋದ್ಯೋಗಿಯ ಮೇಲೆ ನನಗೆ ಭಾರೀ ಭರವಸೆ ಇತ್ತು. ಅವನ ಬೆರಳು ಒಂದಿಂಚೂ ಅಲ್ಲಾಡಲಿಲ್ಲ. ಹತ್ತು ವರ್ಷದ ಹಿಂದಿನ ಫೈಲು ಯಾವ ಕಪಾಟಿನ ಯಾವ ಸಾಲಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವ ರೆಕಾರ್ಡ್ ರೂಮಿನ ಬೆನ್, ಎಂದರೆ ನಮ್ಮ ಕಡೆಯ ಅಕ್ಕಾವರು, ಇದ್ದಾರಲ್ಲ, ಅವರು ಬೆರಳನ್ನು ಮಣಿಕಟ್ಟಿಗೆ ಆತುಕೊಳ್ಳುವಂತೆ ಬಗ್ಗಿಸಿ, "ಹೀಗಾ?" ಎಂದರು. ನನ್ನ ಸಿದ್ಧಾಂತ ಅಲ್ಲೇ ಮಕಾಡೆ ಮಲಗಬೇಕಿತ್ತು. ಆದರೆ ಹುಚ್ಚು ಹಿಡಿದವಳು ಅಷ್ಟಕ್ಕೆ ಬಿಡುತ್ತಾಳೆಯೇ?

ಸಂಕ್ರಾಂತಿ ಕಳೆದ ಭಾನುವಾರ ಅಹಮದಾಬಾದಿನಲ್ಲಿ ಕನ್ನಡದವರೆಲ್ಲ ಸೇರುವುದಿತ್ತು. ಬ್ಯಾಂಕಿನವರು, ರೈಲ್ವೆಯವರು, ಸಂಶೋಧನಾ ಸಂಸ್ಥೆಯವರು, ಎಲ್ಲರೂ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದರು. ಕುಸುರೆಳ್ಳು ಹಂಚುವ ಜವಾಬ್ದಾರಿ ನನ್ನ ಕೈಗೆ ಬಂತು. ಇದಕ್ಕಿಂತ ಒಳ್ಳೆಯ ಅವಕಾಶ ಉಂಟೇ? "ಹೆಬ್ಬೆರಳು ಮಣಿಕಟ್ಟಿಗೆ ಮುಟ್ಟಿಸಿದವರಿಗೆ ಎರಡು ಹಿಡಿ!" ಎಂದು ಸಾರಿಬಿಟ್ಟೆ. ಮಕ್ಕಳ ಸಾಲು ಬಾಗಿಲ ತನಕ ಹೋಯಿತು. ಮುಟ್ಟದವರು ಇನ್ನೊಂದು ಕೈಯಿಂದ ಬೆರಳನ್ನು ಒತ್ತತೊಡಗಿದರು, ಅಕ್ಕಂದಿರು ತಮ್ಮಂದಿರ ಬೆರಳನ್ನು ಜಗ್ಗತೊಡಗಿದರು. ನಾನು ನಡುನಡುವೆ ಬಗ್ಗಿ ನೆತ್ತಿಯ ಸುಳಿ ಎಣಿಸುತ್ತಿದ್ದೆ. ಒಂದು ಹುಡುಗಿ ನೋವಿಗೆ ಜೋರಾಗಿ ಅತ್ತಳು.

ಅವಳ ತಾಯಿ, ಮೈಸೂರು ಕಡೆಯವರು, ಬಿರುಗಾಳಿಯಂತೆ ಬಂದರು. "ಏನ್ರೀ ಇದು, ಮಕ್ಕಳ ಕೈ ಮುರಿಯೋಕೆ ನಿಂತಿದೀರಾ? ಕುಸುರೆಳ್ಳು ಕೊಡೋಕೆ ಇಷ್ಟೊಂದು ಇಂಟರ್‌ವ್ಯೂ ಯಾಕೆ?"

ಅವರಿಗೆ ತಪ್ಪಾಯಿತು ಎಂದೆ, ಹುಡುಗಿಗೆ ನಾಲ್ಕು ಹಿಡಿ ಕೊಟ್ಟೆ. ಮುಖ ಕೆಂಪಾಗಿತ್ತು. ನಿಜವಾಗಿ ನಾಚಿಕೆಯಾಗಿದ್ದು ಮಾತ್ರ ಆಮೇಲೆ. ರೈಲಿನಲ್ಲಿ ವಾಪಸು ಬರುವಾಗ ಗಂಡ ಕೇಳಿದರು, "ಅಷ್ಟೂ ಹುಡುಗೂರ ಬೆರಳು ನೋಡಿದಿ. ನಮ್ಮಾಕಿ ಯಾಕ ಬರಿಯೂದು ನಿಲ್ಲಸ್ತಾಳ ಅಂತ ಆಕಿನ್ನ ಒಮ್ಮೆರ ಕೇಳಿದಿಯೇನು?" ಮಗಳು ಕಿಟಕಿಗೆ ಹಣೆ ಹಚ್ಚಿ ಮಲಗಿದ್ದಳು. ನಾನು ಕೇಳಿರಲಿಲ್ಲ. ನಡಿಯಾದ್ ಸ್ಟೇಷನ್ ಬಂದಾಗ ಅವಳ ತಲೆಯನ್ನು ಕಿಟಕಿಯಿಂದ ಸರಿಸಿ ನನ್ನ ಮಡಿಲಿಗೆ ಇಟ್ಟುಕೊಂಡೆ.

ಫೆಬ್ರವರಿಯಲ್ಲಿ ಅಲಕಾಪುರಿಯ ಆ ಕ್ಲಿನಿಕ್ಕಿಗೆ ನಾಲ್ಕೂ ಜನ ಹೋದೆವು. ಅವ್ವ ತಾನೂ ಬರುತ್ತೇನೆಂದು ಇಳಕಲ್ ಸೀರೆ ಉಟ್ಟು ತಯಾರಾಗಿ ಕೂತಿದ್ದಳು. ಡಾಕ್ಟರಮ್ಮ ನನ್ನ ವಯಸ್ಸಿನವರೇ, ಗುಜರಾತಿಯವರು, ನಮ್ಮ ಜೊತೆ ಹಿಂದಿಯಲ್ಲಿ ಮಾತಾಡಿದರು. ಮಗಳ ಕಿರುಬೆರಳು ಹಿಂದಕ್ಕೆ ಎಷ್ಟು ಹೋಗುತ್ತದೆ, ಮೊಣಕೈ, ಮೊಣಕಾಲು ಎಷ್ಟು ಹಿಂದಕ್ಕೆ ಬಾಗುತ್ತವೆ, ಮೊಣಕಾಲು ಮಡಚದೆ ಅಂಗೈ ನೆಲಕ್ಕೆ ಊರುತ್ತದೆಯೇ ಎಂದು ಒಂದೊಂದಾಗಿ ನೋಡಿ ಗುರುತು ಹಾಕಿಕೊಂಡರು. ಮಗಳು ಎಲ್ಲವನ್ನೂ ಲೀಲಾಜಾಲವಾಗಿ ಮಾಡಿದಳು. ನನಗೆ ತಡೆಯಲಾಗಲಿಲ್ಲ. ಚೀಲ ಗಂಡನ ಮಡಿಲಿಗೆ ಎಸೆದು, ಎದ್ದು ಬಗ್ಗಿ, ಎರಡೂ ಅಂಗೈಗಳನ್ನು ಚಪ್ಪಟೆಯಾಗಿ ನೆಲಕ್ಕೆ ಊರಿ, ಹಾಗೇ ತಲೆಕೆಳಗಾಗಿ ಕೇಳಿದೆ: "ಡಾಕ್ಟರ್, ಇದಕ್ಕೆ ಎಷ್ಟು ಮಾರ್ಕ್ಸ್?"

ಅವರು ನಕ್ಕರು. ಅಷ್ಟರಲ್ಲಿ ಅವ್ವ ಕುರ್ಚಿಯಲ್ಲಿ ಕೂತಲ್ಲಿಂದಲೇ ಎರಡೂ ಹೆಬ್ಬೆರಳು ಬಗ್ಗಿಸಿ ಮುಂದೆ ಚಾಚಿದ್ದಳು. ಎಪ್ಪತ್ತೊಂದರ ವಯಸ್ಸಿನಲ್ಲಿ, ಬಳೆಗಳ ನಡುವೆ, ಇಷ್ಟು ಸಲೀಸಾಗಿ! ಮಗಳು ಚಪ್ಪಾಳೆ ಹೊಡೆದಳು. ಹೊರಗೆ ಕಾಯುತ್ತಿದ್ದವರು ಒಳಗೇನು ಸರ್ಕಸ್ ನಡೆದಿದೆಯೋ ಎಂದುಕೊಂಡಿರಬೇಕು.

"ಹಾಗಾದರೆ ಇವಳಿಗೆ ಎಡಿಎಚ್‌ಡಿ ಇದೆ ಅಂತ ಆಯಿತಲ್ಲ? ಬೆರಳು ಬಗ್ಗುತ್ತದೆ, ತುದಿಗಾಲಲ್ಲಿ ನಡೆಯುತ್ತಾಳೆ, ಅವ್ವ ಹೇಳುವ ಎರಡು ಸುಳಿ ಬೇರೆ," ಎಂದೆ. ಡಾಕ್ಟರನ್ನು ಸೋಲಿಸಲು ಹೊರಟವಳು ಯಾವಾಗ ಅವರ ಪಕ್ಷಕ್ಕೆ ಹಾರಿದ್ದೆನೋ ನನಗೇ ತಿಳಿಯದು.

"ಇಲ್ಲ," ಎಂದರು ಅವರು. "ಸುಳಿಯನ್ನ ನಿಮ್ಮ ತಾಯಿಯವರಿಗೇ ಬಿಟ್ಟುಬಿಡೋಣ. ಬೆರಳು ಬಗ್ಗುವ ಎಷ್ಟೋ ಜನರ ಗಮನಕ್ಕೆ ಯಾವ ತೊಂದರೆಯೂ ಇರೋದಿಲ್ಲ. ಗಮನದ ತೊಂದರೆ ಇರುವ ಎಷ್ಟೋ ಜನರ ಬೆರಳು ಬಗ್ಗೋದಿಲ್ಲ. ಮೈ ಏನೋ ಒಂದು ಸುಳಿವು ಕೊಡುತ್ತೆ, ಅಷ್ಟೇ. ಇನ್ನೂ ಸ್ವಲ್ಪ ವಿಚಾರಿಸಿ ಅನ್ನುತ್ತೆ. ವಿಚಾರಿಸಬೇಕಾದ್ದು ಮಗುವಿನ ದಿನ ಹೇಗೆ ಹೋಗುತ್ತೆ ಅನ್ನೋದನ್ನ." ಆಮೇಲೆ ಮಗಳ ಕಡೆ ಕುರ್ಚಿ ತಿರುಗಿಸಿ ಕೇಳಿದರು, "ಬರೆಯುವಾಗ ಏನಾಗುತ್ತೆ ಬೇಟಾ? ನಾಲ್ಕು ಸಾಲು ಆದ ಮೇಲೆ?"

ಮಗಳು ಬಾಗಿಲ ಕಡೆ ನೋಡಿದಳು, ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. "ಕೈ ನೋಯುತ್ತೆ," ಎಂದಳು ಹಿಂದಿಯಲ್ಲಿ. "ಇಲ್ಲಿ, ಹೆಬ್ಬೆರಳಿನ ಬುಡದಲ್ಲಿ. ಆಮೇಲೆ ನಾನು ಕೈ ಬಗ್ಗೆ ಯೋಚನೆ ಮಾಡ್ತೀನಿ. ಆಮೇಲೆ ಫ್ಯಾನಿನ ಸದ್ದು ಜೋರಾಗುತ್ತೆ. ಟೀಚರ್ ಹೇಳಿದ್ದು ಹೊರಟು ಹೋಗಿರುತ್ತೆ."

"ಮನೇಲಿ ಹೇಳಿದ್ದೀಯಾ?"

"ಇಲ್ಲ. ಎಲ್ಲರಿಗೂ ನೋಯುತ್ತಲ್ಲ."

ನನಗೆ ನಗು ಬಂತು. "ಹೌದು ಡಾಕ್ಟರ್, ಬರೆದರೆ ಎಲ್ಲರಿಗೂ ಕೈ ನೋಯುತ್ತಲ್ಲ," ಎಂದು ನಾನೂ ದನಿಗೂಡಿಸಿದೆ. ಅವ್ವನಿಗೆ ಹಿಂದಿ ಇಷ್ಟಿಷ್ಟೇ ತಿಳಿಯುತ್ತದೆ, ಆದರೂ ಅವಳೂ ಹೌದೆಂದು ತಲೆಯಾಡಿಸಿದಳು.

ಡಾಕ್ಟರಮ್ಮ ನನ್ನ ಗಂಡನ ಕಡೆ ತಿರುಗಿದರು. ಅವರು ನನ್ನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ನನ್ನ ಕೈ ನೋಯೂದಿಲ್ಲ," ಎಂದರು.

"ಏನು? ಒಂದು ಪುಟ ಬರದ್ರೂ?"

"ಹತ್ತು ಪುಟ ಬರದ್ರೂ ಇಲ್ಲ."

"ಸುಳ್ಳು. ಪೇಟಿಗೆ ಹೋಗಿ ಬಂದ್ರ ಕಾಲು ಸೆಳೆಯೂದಿಲ್ಲ? ಮೆಟ್ಟಲಾ ಇಳಿಬೇಕಾದ್ರ ಮೊಣಕಾಲು ಎಲ್ಲಿ ಹೋಗತೈತೋ ಅಂತ ನೋಡಿ ನೋಡಿ ಇಡೂದಿಲ್ಲ?"

"ಇಲ್ಲ ಮಾರಾಯ್ತಿ."

ಹದಿಮೂರು ವರ್ಷ ಸಂಸಾರ ಮಾಡಿದ್ದೇನೆ, ಈ ಮನುಷ್ಯನ ಕೈ ನೋಯುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ! ನಲವತ್ತೆರಡು ವರ್ಷದಿಂದ ನಾನು, ಎಪ್ಪತ್ತೊಂದು ವರ್ಷದಿಂದ ಅವ್ವ, ಲೋಕದವರೆಲ್ಲ ನಮ್ಮ ಹಾಗೆಯೇ ನೋಯಿಸಿಕೊಂಡು ಬರೆಯುತ್ತಾರೆ, ನೋಯಿಸಿಕೊಂಡು ರೊಟ್ಟಿ ಬಡಿಯುತ್ತಾರೆ, ಆದರೂ ನಮಗಿಂತ ಚೆನ್ನಾಗಿ ಮಾಡುತ್ತಾರೆ ಎಂದು ತಿಳಿದಿದ್ದೆವು. ಸೋಮಾರಿ ಎಂದು ಬೈಸಿಕೊಂಡಾಗ ಇರಬೇಕು ಎಂದು ಒಪ್ಪಿಕೊಂಡಿದ್ದೆವು. ಮನೆಯಲ್ಲಿ ಎಲ್ಲರೂ ಒಂದೇ ಥರ ಇದ್ದುಬಿಟ್ಟರೆ ಅಳೆಯುವುದಕ್ಕೆ ಬೇರೆ ಕೋಲು ಎಲ್ಲಿಂದ ತರಬೇಕು? ನಾವು ಚಪ್ಪಾಳೆ ತಟ್ಟುತ್ತಿದ್ದ ಬೆರಳೇ ನಮ್ಮ ಮಗಳ ಕೈಯಿಂದ ಪೆನ್ಸಿಲ್ ಬೀಳಿಸುತ್ತಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಅವ್ವ ಗಾಬರಿಯಾಗಿ, "ಏನಾತವಾ, ಏನಂದ್ರು?" ಎಂದು ಕೇಳುತ್ತಿದ್ದಳು.

"ಏನಿಲ್ಲವ್ವಾ. ಮಂದಿಗೆ ಕೈ ನೋಯೂದಿಲ್ಲಂತ."

"ಹಂಗಾದ್ರ ಮತ್ತ ಅವರಿಗೆ ಏನ್ ನೋಯತೈತಿ?" ಎಂದಳು ಅವ್ವ. ಈ ಪ್ರಶ್ನೆಯನ್ನು ಹಿಂದಿಗೆ ತಿರುಗಿಸಿ ಹೇಳಿದಾಗ ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅದಾದ ಮೇಲೆ ಇನ್ನೂ ನಾಲ್ಕು ಸಲ ಹೋದೆವು. ಪ್ರಶ್ನೆ, ಒಗಟು, ಚಿತ್ರ, ಟೀಚರ್ ತುಂಬಿದ ಫಾರ್ಮು, ನಾವು ತುಂಬಿದ ಫಾರ್ಮು. ಕಡೆಗೆ ವರದಿ ಬಂತು. ಮಗಳಿಗೆ ಎಡಿಎಚ್‌ಡಿ ಇದೆ. ಕೀಲುಗಳು ಸಡಿಲ ಇರುವುದು ಬೇರೆ, ಅದು ಬರೆಯುವುದನ್ನು ಇನ್ನಷ್ಟು ಕಷ್ಟ ಮಾಡುತ್ತದೆ. ಎರಡೂ ಒಬ್ಬಳೇ ಹುಡುಗಿಯಲ್ಲಿ ಒಟ್ಟಿಗೆ ಮನೆ ಮಾಡಿವೆ, ಒಂದನ್ನು ನೋಡಿ ಇನ್ನೊಂದನ್ನು ಸಾರಿಬಿಡಬೇಡಿ ಎಂದು ಡಾಕ್ಟರಮ್ಮ ನನಗೆ ಮತ್ತೊಮ್ಮೆ ಹೇಳಿದರು. ಕುಸುರೆಳ್ಳಿನ ಕಥೆ ಗಂಡ ಅವರಿಗೆ ಹೇಳಿಬಿಟ್ಟಿದ್ದರು. ಕೈಗೆ ಬಲ ಬರುವ ವ್ಯಾಯಾಮ, ದಪ್ಪ ಹಿಡಿಯ ಪೆನ್ಸಿಲ್, ಫ್ಯಾನಿನಿಂದ ದೂರದ ಬೆಂಚು, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ನಡುವೆ ಎದ್ದು ಓಡಾಡಲು ಅನುಮತಿ. ವರದಿಯನ್ನು ನಾನೇ ಶಾಲೆಗೆ ಒಯ್ದು ಕೊಟ್ಟೆ. ಟೀಚರ್ ಅದನ್ನು ಓದಿ, ಕಪಾಟು ತೆರೆದು ನನ್ನ ಛತ್ರಿ ಕೊಟ್ಟರು. ಅವರ ಕೈ ಹಿಡಿದುಕೊಂಡು, "ಅವತ್ತು ಹಾಗೆ ಮಾತಾಡಬಾರದಿತ್ತು," ಎಂದೆ. ಅವರು ಚಹಾ ತರಿಸಿದರು.

ಏಪ್ರಿಲ್‌ನಲ್ಲಿ ಪರೀಕ್ಷೆ. ಮೊದಲ ದಿನ ಸಮಾಜ ವಿಜ್ಞಾನ, ಅತಿ ಹೆಚ್ಚು ಬರೆಯುವ ವಿಷಯ. ಇದರಲ್ಲಿ ಅರ್ಧ ಪೇಪರ್ ಬಿಟ್ಟರೆ ಆರನೇ ಕ್ಲಾಸಿನ ಮಾತು ಅಲ್ಲಿಗೇ ಮುಗಿಯಿತು. ನಾನು ರಜೆ ಹಾಕಿ ಹನ್ನೊಂದಕ್ಕೇ ಗೇಟಿನ ಬಳಿ ಬೇವಿನ ಮರದ ಕೆಳಗೆ ನಿಂತೆ. ಗಂಟೆ ಹೊಡೆಯಿತು, ಮಕ್ಕಳೆಲ್ಲ ದೋ ಎಂದು ಹೊರಗೆ ಸುರಿದರು. ರಿಕ್ಷಾಗಳು ತುಂಬಿ ಹೊರಟುಹೋದವು. ಅಂಗಳ ಖಾಲಿಯಾಯಿತು. ನನ್ನ ಮಗಳು ಮಾತ್ರ ಒಳಗೇ ಇದ್ದಳು. ಪ್ರತಿ ಸಲ ಎಲ್ಲರಿಗಿಂತ ಮೊದಲು ಎದ್ದು ಬರುತ್ತಿದ್ದವಳು. ನಾನು ಮರದ ಸುತ್ತ ಎಷ್ಟು ಸಲ ತಿರುಗಿದೆನೆಂದರೆ ವಾಚ್‌ಮನ್ ಕಾಕಾ ಕುರ್ಚಿ ತಂದು ಹಾಕಿ, "ಬೇಸೋ ಬೆನ್," ಎಂದ. ಕೂರಲಾಗಲಿಲ್ಲ.

ಕಡೆಗೆ ಬಂದಳು. ತುದಿಗಾಲಲ್ಲಿ, ಒಂದು ಶೂ ಲೇಸು ಎಳೆದುಕೊಂಡು, ಗದ್ದಕ್ಕೆ ಪೆನ್ಸಿಲ್ಲಿನ ಮಸಿ ಮೆತ್ತಿಕೊಂಡು. ಮುಖದಲ್ಲಿ ನಾನು ಎಂದೂ ನೋಡದ ಒಂದು ಥರದ ಬೆರಗು.

"ಮಮ್ಮಿ, ನಾ ಪೂರಾ ಪೇಪರ್ ಬರದೆ. ಲಾಸ್ಟ್ ಕ್ವೆಶ್ಚನ್ ಭೀ. ಕೈ ನೋತು, ನಾ ಎದ್ದು ವಾಕ್ ಮಾಡಿ ಬಂದೆ, ಫಿರ್ ಬರದೆ. ಎಲ್ಲಾ ನೆನಪಿತ್ತು ಮಮ್ಮಿ, ಎಲ್ಲೂ ಹೋಗಲಿಲ್ಲ!"

ನಾನು ಅವಳನ್ನು ಎತ್ತಿಕೊಂಡು ಗಿರಗಿರ ತಿರುಗಿಸಿದೆ. ಹತ್ತು ವರ್ಷದ ಹುಡುಗಿ, ಭಾರ ಬೇರೆ, ನನ್ನ ಮಣಿಕಟ್ಟು ಲಟಕ್ಕೆಂದಿತು. ಕೆಳಗಿಳಿಸಿದ ಮೇಲೆ ಅವಳು ಖಾಲಿ ಅಂಗಳದ ಕಡೆ ತಿರುಗಿ, ಮಕ್ಕಳೆಲ್ಲ ಹೋಗಿದ್ದ ದಾರಿಯನ್ನು ನೋಡಿದಳು.

"ಮಮ್ಮಿ, ಬಾಕಿ ಎಲ್ಲಾರಿಗೂ ದಿನಾ ಹಿಂಗೇ ಇರ್ತೈತೇನು?"

ಬಗ್ಗಿ ಅವಳ ಶೂ ಲೇಸು ಕಟ್ಟಿದೆ.

"ನಂಗೂ ಗೊತ್ತಿಲ್ಲ ಪುಟ್ಟಿ," ಎಂದೆ. "ನಡಿ, ಮನೀಗೆ ಹೋಗಿ ಪಪ್ಪಾಗ ಕೇಳೋಣ."